ಅಳಿವೆಗೆ ಹೊರಡುವ ಮುನ್ನ

ನನ್ನ ಓದುವ ಮೇಜಿನ ಮೇಲೆ ಉತ್ತರ ಕನ್ನಡ ಜಿಲ್ಲೆಯ ನಕ್ಷೆಯೊಂದು ಮೂರು ವಾರಗಳಿಂದ ಮಡಚದೆ ಬಿದ್ದಿದೆ. ಅಂಕೋಲೆಗೂ ಗೋಕರ್ಣಕ್ಕೂ ನಡುವೆ ಗಂಗಾವಳಿ ನದಿ ಸಮುದ್ರವನ್ನು ಸೇರುವ ಅಳಿವೆಯಲ್ಲಿ ಪೆನ್ಸಿಲ್ಲಿನಿಂದ ಎಳೆದ ಒಂದು ಸುತ್ತು ಇದೆ. ಅದರ ಪಕ್ಕದಲ್ಲಿ ಬರೆದು, ಅಳಿಸಿ, ಮತ್ತೆ ಬರೆದ ಎರಡು ತಿಥಿಗಳಿವೆ. ನವರಾತ್ರಿ ಕಳೆದ ಮೇಲೆ ಬರುವ ಶೀಗಿ ಹುಣ್ಣಿಮೆಯ ಮರುದಿನ ಧಾರವಾಡದಿಂದ ಹೊರಟು, ಕಾರಿನ ನೆತ್ತಿಯ ಮೇಲೆ ಎರಡು ಸರ್ಫ್‌ಬೋರ್ಡುಗಳನ್ನು ಕಟ್ಟಿಕೊಂಡು, ಜನ ಹೆಚ್ಚು ಬಾರದ ಕಡಲಂಚುಗಳಲ್ಲಿ ನಾಲ್ಕು ದಿನ ಅಲೆಗಳನ್ನು ಹುಡುಕಬೇಕೆಂದು ನಾನೂ ನನ್ನ ತಮ್ಮನೂ ನಿರ್ಧರಿಸಿದ್ದೇವೆ. ಇಂಥದೇ ಒಂದು ಪ್ರವಾಸವನ್ನು 2024ರ ಮೇ ತಿಂಗಳಲ್ಲಿ ಗಂಟೆ ನಿಮಿಷಗಳ ಲೆಕ್ಕ ಹಾಕಿ ಯೋಜಿಸಿಯೂ ಅಪಾಯಕ್ಕೆ ಸಿಕ್ಕಿಕೊಂಡೆವು. ಆ ಯೋಜನೆಯಲ್ಲಿ ಕಡಿಮೆಯಿದ್ದುದೇನು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಹೊರಗೆ ಶ್ರಾವಣದ ಮಳೆ ಜಿಟಿಜಿಟಿ ಹಿಡಿದಿದೆ. ಹೊರಡುವುದಕ್ಕೆ ಇನ್ನೂ ಸಮಯವಿದೆ. ಆದ್ದರಿಂದ ಈ ಸಲ ಕೂತು ನಿಧಾನವಾಗಿ ಯೋಚಿಸುತ್ತಿದ್ದೇನೆ.

ಸಮುದ್ರವಿಲ್ಲದ ಊರಿನವರಿಗೆ ಸರ್ಫಿಂಗ್ ಏಕೆ ಎಂಬ ಪ್ರಶ್ನೆಗೆ ನನ್ನಲ್ಲಿ ದೊಡ್ಡ ಉತ್ತರವಿಲ್ಲ. ಮೂಲ್ಕಿಯಲ್ಲಿ ಮೂರು ದಿನಗಳ ತರಬೇತಿಗೆ ಹೋದಾಗ, ಎರಡನೆಯ ದಿನದ ಕೊನೆಯ ಅಲೆಯ ಮೇಲೆ ನಾಲ್ಕು ಸೆಕೆಂಡು ನಿಂತೆ. ಆ ನಾಲ್ಕು ಸೆಕೆಂಡು ನನಗೆ ಸಾಕಾಯಿತು. ಅಮೆರಿಕದಿಂದ ಬಂದ ಜ್ಯಾಕ್ ಹೆಬ್ನರ್ ಮತ್ತು ಅವರ ಆಶ್ರಮದವರು 2004ರ ಸುಮಾರಿಗೆ ಮೂಲ್ಕಿಯಲ್ಲಿ ಕಟ್ಟಿದ ಮಂತ್ರ ಸರ್ಫ್ ಕ್ಲಬ್ಬಿನಿಂದ ಈ ಆಟ ನಮ್ಮ ಕರಾವಳಿಯಲ್ಲಿ ಬೇರು ಬಿಟ್ಟಿತು. ಶಾಂಭವಿ ಮತ್ತು ನಂದಿನಿ ನದಿಗಳು ಕೂಡುವ ಸಸಿಹಿತ್ಲುವಿನಲ್ಲಿ 2016ರಲ್ಲಿ ದೇಶಮಟ್ಟದ ಸ್ಪರ್ಧೆಯೂ ನಡೆಯಿತು. ಮೂಲ್ಕಿಯಲ್ಲಿ ಕಲಿಸುವವರಿದ್ದಾರೆ, ಕಾಯುವವರಿದ್ದಾರೆ, ನೀರಿಗೆ ಯಾವಾಗ ಇಳಿಯಬೇಕೆಂದು ಹೇಳುವವರೂ ಇದ್ದಾರೆ. ಅವರು ಯಾರೂ ಇಲ್ಲದ ಕಡೆ ಹೋಗಬೇಕೆಂದರೆ, ಅವರು ನಮಗಾಗಿ ಮಾಡುತ್ತಿದ್ದ ಕೆಲಸವನ್ನೆಲ್ಲ ನಾವೇ ಮಾಡಿಕೊಳ್ಳಬೇಕಾಗುತ್ತದೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ರಸ್ತೆಯ ಲೆಕ್ಕ

ನಮ್ಮ ಮೊದಲ ಯೋಜನೆ ಪೂರ್ತಿ ರಸ್ತೆಯ ಯೋಜನೆಯಾಗಿತ್ತು. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿ ಸುಮಾರು 140 ಕಿಲೋಮೀಟರು. ನಮ್ಮ ಕಡೆಯವರ ಬಾಯಲ್ಲಿ ಅದು ಇಂದಿಗೂ ಹಳೆಯ 63ನೆಯ ಹೆದ್ದಾರಿಯೇ. ಕಲಘಟಗಿ ದಾಟಿ, ಯಲ್ಲಾಪುರದಲ್ಲಿ ಚಹಾ ಕುಡಿದು, ಅರಬೈಲ್ ಘಟ್ಟವನ್ನು ಲಾರಿಗಳ ಹಿಂದೆ ತಾಳ್ಮೆಯಿಂದ ಇಳಿದರೂ ಹನ್ನೊಂದೂವರೆಯ ಹೊತ್ತಿಗೆ ಸಮುದ್ರ ಕಾಣಬೇಕೆಂದು ಬರೆದುಕೊಂಡಿದ್ದೆವು, ಮತ್ತು ಹಾಗೆಯೇ ಕಂಡೆವು. ಎಲ್ಲಿ ಪೆಟ್ರೋಲು, ಎಲ್ಲಿ ಊಟ, ಎಲ್ಲಿ ವಸತಿ, ಎಲ್ಲವೂ ಬರೆದಂತೆಯೇ ನಡೆದವು. ಮೇ ತಿಂಗಳ ಬಿಸಿಲಿಗೆ ಬೋರ್ಡಿನ ಮೇಲೆ ಕಾಲು ಜಾರದಂತೆ ಉಜ್ಜಿದ್ದ ಮೇಣ ಯಲ್ಲಾಪುರದ ಹೊತ್ತಿಗೇ ಕರಗಿ ಹೊದಿಕೆಗೆ ಅಂಟಿಕೊಂಡದ್ದೊಂದೇ ನಮ್ಮ ಲೆಕ್ಕಕ್ಕೆ ಸಿಗದ ಸಂಗತಿಯಾಗಿತ್ತು. ಅದನ್ನು ಒಂದು ಸೂಚನೆಯೆಂದು ತಿಳಿಯುವಷ್ಟು ತಿಳಿವಳಿಕೆ ನಮಗಿರಲಿಲ್ಲ.

ಆ ದಿನ ಬುದ್ಧ ಪೂರ್ಣಿಮೆಯ ಮರುದಿನವಾಗಿತ್ತು. ಅದನ್ನು ನಾನು ಆಮೇಲೆ ಕ್ಯಾಲೆಂಡರು ನೋಡಿ ತಿಳಿದೆ. ನೀರಿಗೆ ಇಳಿಯುವಾಗ ಅದು ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ. ಗಂಗಾವಳಿಯ ಅಳಿವೆಯ ಬಳಿ ತೆಂಗಿನ ನೆರಳಿನಲ್ಲಿ ಕಾರು ನಿಲ್ಲಿಸಿ, ಅವ್ವ ಕಟ್ಟಿಕೊಟ್ಟಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದು, ಬೋರ್ಡುಗಳಿಗೆ ಹೊಸದಾಗಿ ಮೇಣ ಹಚ್ಚುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆಯಾಗಿತ್ತು. ಕಡಲ ಕಡೆಯಿಂದ ಗಾಳಿ ಬೀಸುತ್ತಿತ್ತು. ಅಲೆಗಳು ದೊಡ್ಡವಾಗಿದ್ದವು, ಆದರೆ ಒಂದರ ಹಿಂದೆ ಒಂದು ಸಾಲಾಗಿ ಬರುತ್ತಿರಲಿಲ್ಲ. ಗಾಳಿಗೆ ಒಡೆದು, ಒಂದರ ಮೇಲೊಂದು ಬಿದ್ದು, ಎಲ್ಲೆಂದರಲ್ಲಿ ನೊರೆಯಾಗುತ್ತಿದ್ದವು. ದಡದಲ್ಲಿ ನಾಲ್ಕು ಜನ ಮೀನುಗಾರರು ಬಲೆ ರಿಪೇರಿ ಮಾಡುತ್ತ ಕೂತಿದ್ದರು. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ 61 ದಿನಗಳ ನಿಷೇಧ ಬರುವುದಿತ್ತು. ಕಡಲಂಚಿನ ಊರುಗಳಲ್ಲಿ ಎಲ್ಲರೂ ಮಳೆಗಾಲಕ್ಕೆ ಅಣಿಯಾಗುತ್ತಿದ್ದ ಕಾಲ ಅದು. ನಾವು ಅವರನ್ನು ಏನೂ ಕೇಳಲಿಲ್ಲ. ಇದು ನನ್ನನ್ನು ಇಂದಿಗೂ ಚುಚ್ಚುವ ಮಾತು. ನಾವು ಅವರ ಮುಂದಿನಿಂದಲೇ, ತಲೆಯ ಮೇಲೆ ಎಂಟಡಿಯ ಬೋರ್ಡು ಹೊತ್ತು, ಒಂದು ನಮಸ್ಕಾರವನ್ನೂ ಹೇಳದೆ ನಡೆದುಹೋದೆವು.

ನದಿಯ ಬಾಯಿಗೆ ಸಮೀಪದಲ್ಲಿ ಅಲೆಗಳು ಒಂದೇ ಜಾಗದಲ್ಲಿ ಏಳುತ್ತಿದ್ದುದನ್ನು ನೋಡಿ, ಅಲ್ಲಿ ಮರಳ ದಿಣ್ಣೆಯಿದೆ ಎಂದು ಊಹಿಸಿ, ನಾನು ಅತ್ತ ಕೈ ಬೀಸಿ ಈಜಿದೆ. ಬಹಳ ಸುಲಭವಾಗಿ ಹೋದೆ. ಅಷ್ಟು ಸುಲಭವಾಗಿ ಹೋಗುತ್ತಿರುವುದು ನನ್ನ ತೋಳಿನ ಬಲದಿಂದಲ್ಲ ಎಂದು ಅರಿವಾಗುವ ಹೊತ್ತಿಗೆ ದಡದ ತೆಂಗಿನ ಮರಗಳು ಒಂದು ಗೇಣಿನಷ್ಟು ಎತ್ತರಕ್ಕೆ ಇಳಿದಿದ್ದವು. ನದಿಯೊಳಗೆ ತುಂಬಿಕೊಂಡಿದ್ದ ಸಮುದ್ರದ ನೀರು, ನದಿಯದೇ ನೀರನ್ನೂ ಸೇರಿಸಿಕೊಂಡು, ಆ ಕಿರಿದಾದ ಬಾಯಿಯಿಂದ ಹೊರಕ್ಕೆ ಹರಿಯುತ್ತಿತ್ತು. ನಾನು ತಿರುಗಿ ನೇರವಾಗಿ ದಡದತ್ತ ಈಜತೊಡಗಿದೆ. ಎಷ್ಟು ಈಜಿದರೂ ಇದ್ದಲ್ಲೇ ಇದ್ದೆ, ಆಮೇಲೆ ಇದ್ದಲ್ಲಿಗಿಂತ ಹಿಂದಾದೆ. ಎದುರಿನಿಂದ ಬರುವ ಅಲೆಗಳು ಹೊರಕ್ಕೆ ಹರಿಯುವ ನೀರಿಗೆ ಸಿಕ್ಕಿ ನೆಟ್ಟಗೆ ನಿಂತು ಮುರಿಯುತ್ತಿದ್ದವು, ಮತ್ತು ಪ್ರತಿ ಸಲ ಮುರಿದಾಗಲೂ ನನ್ನನ್ನು ಬೋರ್ಡಿನಿಂದ ಕಿತ್ತು ಎಸೆಯುತ್ತಿದ್ದವು. ಬೋರ್ಡನ್ನು ಕಾಲಿಗೆ ಕಟ್ಟಿದ ಹಗ್ಗ, ಅಂದರೆ ಲೀಶ್, ಇಲ್ಲದಿದ್ದರೆ ಬೋರ್ಡು ಹೋಗುತ್ತಿತ್ತು. ಬೋರ್ಡು ಹೋಗಿದ್ದರೆ ಈ ಬರಹವನ್ನು ನಾನು ಬರೆಯುತ್ತಿರಲಿಲ್ಲ.

ದಡದಲ್ಲಿ ಬಲೆ ಹಿಡಿದಿದ್ದ ಹಿರಿಯರೊಬ್ಬರು ಎದ್ದು ನಿಂತು, ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಬಡಗಣ ದಿಕ್ಕಿಗೆ ಬೀಸುತ್ತಿದ್ದುದು ನನಗೆ ಕಂಡಿತು. ಅವರು ಕರೆಯುತ್ತಿಲ್ಲ, ಪಕ್ಕಕ್ಕೆ ಹೋಗೆಂದು ಹೇಳುತ್ತಿದ್ದಾರೆ ಎಂದು ತಿಳಿಯಲು ನನಗೆ ಬಹಳ ಹೊತ್ತು ಹಿಡಿಯಿತು. ಸೆಳವಿಗೆ ಎದುರಾಗಿ ಈಜಬಾರದು, ಅಡ್ಡವಾಗಿ ಈಜಿ ಅದರಿಂದ ಹೊರಬರಬೇಕು ಎಂಬುದನ್ನು ಮೂಲ್ಕಿಯಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರು. ಅಂಜಿಕೆ ಬಂದಾಗ ಆ ಪಾಠ ನನ್ನ ತಲೆಯಲ್ಲಿ ಉಳಿದಿರಲಿಲ್ಲ, ಒಂದು ಟವೆಲ್ಲಿನ ಬೀಸುವಿಕೆಯಿಂದ ಮರಳಿ ಬಂತು. ಅಡ್ಡಲಾಗಿ ಈಜಿ ದಿಣ್ಣೆಯ ಅಂಚನ್ನು ಮುಟ್ಟಿದ ಕೂಡಲೇ ನೊರೆಯಲೆಗಳು ನನ್ನನ್ನು ಹೊಟ್ಟೆಯ ಮೇಲೆಯೇ ದಡಕ್ಕೆ ತಂದು ಬಿಟ್ಟವು. ತಮ್ಮ ಮಂಡಿಯುದ್ದ ನೀರಿನಲ್ಲಿ ನಿಂತು ಅಳುತ್ತಿದ್ದ. ಆ ಹಿರಿಯರು ನನ್ನನ್ನು ಬೈಯಲಿಲ್ಲ. "ನೀರು ಇಳಿಯೂ ಹೊತ್ತಿಗೆ ಅಳಿವೆ ಬಾಯಿಗೆ ಹೋಗೂಕಾಗ, ತಂಗೀ" ಎಂದಷ್ಟೇ ಹೇಳಿ, ಮತ್ತೆ ಬಲೆಯ ಮುಂದೆ ಕೂತರು. ಸ್ವಲ್ಪ ಹೊತ್ತಾದ ಮೇಲೆ, ನಾವು ಅವರ ಪಕ್ಕದಲ್ಲಿಯೇ ಮರಳಿನ ಮೇಲೆ ಕೂತಿದ್ದಾಗ, ಹುಣ್ಣಿಮೆಯ ಆಸುಪಾಸಿನಲ್ಲಿ ಬರುವುದಾದರೆ ಬೆಳಗಿನ ಜಾವ ಬರಬೇಕೆಂದು, ಆಗ ನೀರು ಒಳಕ್ಕೆ ಏರುತ್ತಿರುತ್ತದೆಂದು ಹೇಳಿದರು.

ನಾವು ವಾರಗಟ್ಟಲೆ ಮಾಡಿದ ಯೋಜನೆಯಲ್ಲಿ ಇಲ್ಲದ ಸಂಗತಿ ಅವರ ಆ ಒಂದು ಮಾತಿನಲ್ಲಿತ್ತು. ನಾವು ತಲುಪುವ ಹೊತ್ತನ್ನು ರಸ್ತೆ ನಿರ್ಧರಿಸಿತ್ತು. ಅದನ್ನು ನೀರು ನಿರ್ಧರಿಸಬೇಕಾಗಿತ್ತು.

ಅಲೆ ಹೊರಟ ದಿನ

ಊರಿಗೆ ಮರಳಿದ ಮೇಲೆ ನಾನು ಸಮುದ್ರದ ಬಗೆಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಅದರಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅಲೆಯ ಪ್ರಯಾಣ. ಹತ್ತಿರದ ಗಾಳಿ ಎಬ್ಬಿಸುವ ಅಲೆಗಳು ಐದಾರು ಸೆಕೆಂಡಿಗೆ ಒಂದರಂತೆ ಬಂದು ಗಲಿಬಿಲಿ ಮಾಡುತ್ತವೆ. ಆದರೆ ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ, ಮನುಷ್ಯರು ವಾಸಿಸದ ಆ ಚಳಿಗಡಲಿನಲ್ಲಿ, ದೊಡ್ಡ ಬಿರುಗಾಳಿಗಳು ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರು ಸಾಗಿ ಬರುವಾಗ ಸಾಲುಗೂಡುತ್ತವೆ. ಅವು ನಮ್ಮ ದಡ ಮುಟ್ಟುವಾಗ ಎರಡು ಅಲೆಗಳ ನಡುವೆ ಹದಿನೈದು ಸೆಕೆಂಡಿನಷ್ಟು ಬಿಡುವಿರುತ್ತದೆ. ಹದಿನೈದು ಸೆಕೆಂಡಿನ ಅಂತರವುಳ್ಳ ಅಲೆಗಳ ಗುಂಪು ಆಳ ಸಮುದ್ರದಲ್ಲಿ ಗಂಟೆಗೆ ಸುಮಾರು 42 ಕಿಲೋಮೀಟರು ಸಾಗುತ್ತದೆ, ಅಂದರೆ ನಮ್ಮ ಹೆದ್ದಾರಿಯಲ್ಲಿ ಸರಕು ತುಂಬಿದ ಲಾರಿ ಸಾಗುವ ವೇಗದಲ್ಲಿ. ಆರು ಸಾವಿರ ಕಿಲೋಮೀಟರು ದೂರದಿಂದ ಹೊರಟದ್ದು ಇಲ್ಲಿಗೆ ಬರಲು ಆರು ದಿನ ಬೇಕು. ನಾವು ಶುಕ್ರವಾರ ಹತ್ತುವ ಅಲೆ ಅದರ ಹಿಂದಿನ ಶನಿವಾರವೇ ಹೊರಟಿರುತ್ತದೆ. ನಮ್ಮ ಯೋಜನೆಗಿಂತ ಮುಂಚೆ ಅದರ ಪ್ರಯಾಣ ಆರಂಭವಾಗಿರುತ್ತದೆ ಎಂಬ ಅರಿವು ನನ್ನಲ್ಲಿ ಒಂದು ಬಗೆಯ ವಿನಯವನ್ನು ಹುಟ್ಟಿಸಿತು.

ಇಂಥ ಅಲೆಗಳು ಸ್ಥಳೀಯವಾಗಿ ಗಾಳಿಯ ಸುಳಿವೇ ಇಲ್ಲದಿದ್ದಾಗಲೂ ಬಂದು ಮನೆಯಂಗಳಕ್ಕೆ ನುಗ್ಗುವುದನ್ನು ಕೇರಳದ ಮೀನುಗಾರರು 'ಕಳ್ಳಕ್ಕಡಲ್' ಎಂದು ಕರೆಯುತ್ತಾರೆ. ಕಳ್ಳ ಕಡಲು ಎಂದರೆ ನಮಗೂ ಅನುವಾದ ಬೇಕಾಗಿಲ್ಲ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯ್ಸ್, ಇವುಗಳ ಬಗೆಗೆ ಮುನ್ಸೂಚನೆ ಕೊಡುತ್ತದೆ. ಅಲೆಯ ಎತ್ತರ, ಎರಡು ಅಲೆಗಳ ನಡುವಿನ ಅವಧಿ, ಬರುವ ದಿಕ್ಕು ಎಲ್ಲವೂ ಅದರಲ್ಲಿರುತ್ತವೆ. ಮುಖ್ಯವಾಗಿ ಮೀನುಗಾರರ ಉಪಯೋಗಕ್ಕೆಂದು ಕೊಡುವ ಈ ಮಾಹಿತಿಯನ್ನು ಓದಲು ಕಲಿಯುವುದು ಈಗ ನಮ್ಮ ಸಿದ್ಧತೆಯ ಮೊದಲ ಕೆಲಸ. ಎತ್ತರದ ಅಂಕಿಯೊಂದನ್ನೇ ನೋಡಿ ಹಿಗ್ಗುವ ಅಭ್ಯಾಸವನ್ನು ನಾನು ಬಿಟ್ಟಿದ್ದೇನೆ. ಒಂದೂವರೆ ಮೀಟರಿನ ಅಲೆ ಆರು ಸೆಕೆಂಡಿನದಾದರೆ ಅದು ಗಲಿಬಿಲಿ, ಒಂದೇ ಮೀಟರಿನದು ಹದಿನಾಲ್ಕು ಸೆಕೆಂಡಿನದಾದರೆ ಅದಕ್ಕಾಗಿ ಘಟ್ಟ ಇಳಿಯಬಹುದು.

ಗಾಳಿಯ ಮಾತು ಇದಕ್ಕಿಂತ ಸರಳ. ರಾತ್ರಿಯಿಡೀ ತಣಿದ ನೆಲದಿಂದ ಮುಂಜಾವಿನಲ್ಲಿ ಗಾಳಿ ಕಡಲಿನ ಕಡೆಗೆ ಬೀಸುತ್ತದೆ, ಬರುವ ಅಲೆಯ ಮುಖವನ್ನು ಸವರಿ ನುಣುಪು ಮಾಡುತ್ತದೆ. ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ, ಮಧ್ಯಾಹ್ನಕ್ಕೆ ಅಲೆಗಳೆಲ್ಲ ಒಡೆದುಹೋಗುತ್ತವೆ. ಹೀಗಾಗಿ ಧಾರವಾಡದಿಂದ ಬೆಳಗ್ಗೆ ಹೊರಟು ಅಂದೇ ಅಲೆ ಏರುತ್ತೇನೆಂಬುದು ಮೂಲದಲ್ಲಿಯೇ ಆಗದ ಮಾತು. ನಡುರಾತ್ರಿ ಹೊರಟು ಕತ್ತಲಲ್ಲಿ ಅರಬೈಲ್ ಘಟ್ಟ ಇಳಿಯುವುದನ್ನು ತಮ್ಮ ಸೂಚಿಸಿದ, ನಾನು ಒಪ್ಪಲಿಲ್ಲ. ಹಿಂದಿನ ಸಂಜೆಯೇ ಹೋಗಿ ಮಲಗಿ, ಐದು ಗಂಟೆಗೆ ಎದ್ದು ದಡದಲ್ಲಿ ನಿಲ್ಲಬೇಕು. ನಾಲ್ಕು ದಿನದ ಪ್ರವಾಸವೆಂದರೆ ನಿಜವಾಗಿ ಮೂರು ಮುಂಜಾವು ಮಾತ್ರ.

ಅವ್ವನ ಕ್ಯಾಲೆಂಡರು

ಉಳಿದದ್ದು ನೀರಿನ ಏರಿಳಿತ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರಿ ಎರಡು ಸಲ ಇಳಿಯುತ್ತದೆ. ಹೊತ್ತು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಿಗೆ ಏರಿಳಿತ ಹೆಚ್ಚು, ಅಷ್ಟಮಿಗೆ ಕಡಿಮೆ. ಇದನ್ನು ತಿಳಿಸುವ ಮೊಬೈಲ್ ಆ್ಯಪ್‌ಗಳಿವೆ, ಅವುಗಳನ್ನು ನಾನು ನೋಡುತ್ತೇನೆ. ಆದರೆ ಲೆಕ್ಕ ನನ್ನ ತಲೆಗೆ ಹತ್ತಿದ್ದು ಅಡುಗೆಮನೆಯ ಬಾಗಿಲಿನ ಪಕ್ಕದಲ್ಲಿ ತೂಗುವ ಅವ್ವನ ಕ್ಯಾಲೆಂಡರಿನಿಂದ.

ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಕ್ಯಾಲೆಂಡರಿನ ಮುಂದೆ ನೋಟುಪುಸ್ತಕ ಹಿಡಿದು ನಿಂತು, ಶೀಗಿ ಹುಣ್ಣಿಮೆಯ ಹಿಂದುಮುಂದಿನ ತಿಥಿಗಳನ್ನು ಬರೆದುಕೊಳ್ಳುತ್ತಿದ್ದೆ. "ಸಮುದ್ರಕ್ಕ ಹೋಗಾಕೂ ತಿಥಿ ನೋಡಬೇಕೇನ?" ಎಂದು ಅವ್ವ ಕೇಳಿದಳು. ಹೌದು ಎಂದು ಹೇಳಿ, ಹುಣ್ಣಿಮೆಯ ದಿನ ಆ ಕಡಲಿನಲ್ಲಿ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ನೀರು ತುಂಬಿರುತ್ತದೆ, ಬೆಳಗಿನ ಐದು ಗಂಟೆಯ ಸುಮಾರಿಗೆ ತಳದಲ್ಲಿರುತ್ತದೆ, ಆಮೇಲೆ ಏರತೊಡಗುತ್ತದೆ ಎಂದು ವಿವರಿಸಿದೆ. ಮಧ್ಯಾಹ್ನದ ಮೇಲೆ ತಿರುಗಿ ಇಳಿಯುತ್ತದೆ; ನಾವು ಕಳೆದ ಸಲ ಸಿಕ್ಕಿಕೊಂಡದ್ದು ಆ ಇಳಿತಕ್ಕೆ ಎಂಬುದನ್ನು ಹೇಳಲಿಲ್ಲ. ಅವಳಿಗೆ ಇಂದಿಗೂ ಆ ಮಧ್ಯಾಹ್ನದ ಸಂಗತಿ ಗೊತ್ತಿಲ್ಲ, ಮತ್ತು ಈ ಬರಹವನ್ನು ಅವಳು ಓದುವ ಮೊದಲು ನಾನೇ ಅವಳಿಗೆ ಹೇಳಬೇಕಾಗಿದೆ. ಅವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರುತ್ತ, ಸ್ವಲ್ಪ ಯೋಚಿಸಿ, "ಹಂಗಾದ್ರ ಹುಣ್ಣಿಮಿ ಆದ ಮ್ಯಾಲೆ ದಿನಕ್ಕೊಂದು ತಾಸು ತಡಾ ಆಕ್ಕೋತ ಹೋಗತೈತಿ, ಚಂದ್ರ ಮೂಡಿದಂಗ" ಎಂದಳು. ನಾನು ಎರಡು ವಾರ ಓದಿ ತಿಳಿದದ್ದನ್ನು ಅವಳು ಸಂಕಷ್ಟಿಯ ಚಂದ್ರನಿಗಾಗಿ ಕಾದ ರಾತ್ರಿಗಳಿಂದ ತಿಳಿದಿದ್ದಳು. ಚಂದ್ರ ತಡವಾದಷ್ಟೇ ನೀರೂ ತಡವಾಗುತ್ತದೆ.

ಹೀಗೆ ನಮ್ಮ ದಿನಗಳು ಗೊತ್ತಾದವು. ಹುಣ್ಣಿಮೆಯ ನಂತರದ ಮೂರು ಮುಂಜಾವುಗಳಲ್ಲಿ ಆರು, ಏಳು, ಎಂಟರವರೆಗೆ ನೀರು ತಳ ಮುಟ್ಟಿ ತಿರುಗುವ ಹೊತ್ತು. ಆಮೇಲೆ ಅದು ನದಿಯ ಒಳಕ್ಕೆ ಏರುತ್ತದೆ, ಹೊರಕ್ಕೆ ಎಳೆಯುವುದಿಲ್ಲ. ಗಾಳಿಯೂ ಆಗ ನೆಲದಿಂದ ಬೀಸುತ್ತಿರುತ್ತದೆ. ಮೂರನೆಯ ದಿನಕ್ಕೆ ನೀರು ತಿರುಗುವುದನ್ನು ಕಾಯುವಷ್ಟರಲ್ಲಿ ಬಿಸಿಲು ಏರಿ ಗಾಳಿ ಕೆಡುವ ಸಂಭವವಿರುವುದರಿಂದ, ಆ ದಿನ ಅಳಿವೆಯನ್ನು ಬಿಟ್ಟು ಕುಮಟೆಯ ಕಡೆಯ ಕಾಗಾಲದ ತೆರೆದ ದಡಕ್ಕೆ ಹೋಗಬೇಕೆಂದಿದ್ದೇವೆ. ಕಾರವಾರದಾಚೆಯ ಮಾಜಾಳಿಯಿಂದ ಗುಡ್ಡ ಹತ್ತಿ ನಡೆದು ತಲುಪುವ, ಎಳ್ಳಿನಂತೆ ಕಪ್ಪು ಮರಳಿನ ತಿಳಮಾತಿಯನ್ನು ತಮ್ಮ ಬಹಳ ಆಸೆಯಿಂದ ಪಟ್ಟಿಗೆ ಸೇರಿಸಿದ್ದ. ಬೋರ್ಡು ಹೊತ್ತು ಹೋಗುವುದು ಕಷ್ಟ, ಏನಾದರೂ ಆದರೆ ಕೂಗಿದ್ದು ಯಾರಿಗೂ ಕೇಳುವುದಿಲ್ಲ ಎಂದು ನಾನು ಅದನ್ನು ತೆಗೆದೆ. ದೂರದ ದಡಕ್ಕೆ ಹೋಗಬೇಕೆಂಬ ಆಸೆ ನನಗೂ ಇದೆ, ಆದರೆ ಟವೆಲ್ ಬೀಸುವವರು ಯಾರೂ ಇಲ್ಲದಷ್ಟು ದೂರ ಹೋಗುವ ಆಸೆ ಈಗ ಉಳಿದಿಲ್ಲ.

ಶೀಗಿ ಹುಣ್ಣಿಮೆಯ ದಿನ ಮಾತ್ರ ಎಲ್ಲಿಗೂ ಹೊರಡುವಂತಿಲ್ಲ. ನವಲಗುಂದದ ಕಡೆಯ ಹೊಲದಲ್ಲಿ ಭೂಮಿಪೂಜೆ ಮಾಡಿ, ಹೊಲದ ತುಂಬ ಎಡೆಯ ಚರಗ ಚೆಲ್ಲಿ, ಎಲ್ಲರೂ ಕೂಡಿ ಉಂಡ ಮೇಲೆಯೇ ಬೇರೆ ಮಾತು ಎಂದು ಅವ್ವ ಖಂಡಿತವಾಗಿ ಹೇಳಿದ್ದಾಳೆ. ನನಗೂ ಅದೇ ಸರಿಯೆನಿಸಿತು.

ಸೋಮೇಶ್ವರದಿಂದ ಇಳಿದ ನೀರು

ನಕ್ಷೆಯನ್ನು ಇಷ್ಟು ದಿನ ನೋಡುತ್ತಿರುವಾಗ ಬೆರಳು ತಾನಾಗಿಯೇ ಆ ಪೆನ್ಸಿಲ್ ಸುತ್ತಿನಿಂದ ನದಿಯನ್ನು ಹಿಡಿದು ಮೇಲಕ್ಕೆ ಬರತೊಡಗಿತು. ಗಂಗಾವಳಿಗೆ ಘಟ್ಟದ ಮೇಲೆ ಬೇಡ್ತಿ ಎಂಬ ಹೆಸರು. ಮಾಗೋಡಿನಲ್ಲಿ ಎರಡು ಹಂತವಾಗಿ ಧುಮುಕುವುದೂ ಅದೇ ನೀರು. ಅಲ್ಲಿಂದ ಮೇಲಕ್ಕೆ ಕಲಘಟಗಿಯ ಸಮೀಪ ಅದಕ್ಕೆ ಶಾಲ್ಮಲೆ ಸೇರುತ್ತದೆ. ಆ ಶಾಲ್ಮಲೆ ಹುಟ್ಟುವುದು ನಮ್ಮ ಧಾರವಾಡದ ದಕ್ಷಿಣಕ್ಕಿರುವ ಸೋಮೇಶ್ವರ ಗುಡಿಯ ಬಳಿ. ಚಿಕ್ಕವಳಿದ್ದಾಗ ಶ್ರಾವಣ ಸೋಮವಾರಗಳಂದು ಅಪ್ಪನ ಸೈಕಲ್ಲಿನ ಮುಂದೆ ಕೂತು ಹೋಗಿ ಕೈಕಾಲು ತೊಳೆದುಕೊಂಡ ಆ ಸಣ್ಣ ಸೆಲೆ, ನಾನು ಮುಳುಗಲಿದ್ದ ಅಳಿವೆಯ ಇನ್ನೊಂದು ತುದಿ ಎಂಬುದು ಗೊತ್ತಿದ್ದೂ ನನ್ನ ಗಮನಕ್ಕೆ ಬಂದಿರಲಿಲ್ಲ. ನಮ್ಮ ಜೋಡುನಗರ ನಿಂತಿರುವುದೇ ನೀರು ಎರಡಾಗಿ ಹರಿದುಹೋಗುವ ಏರಿನ ಮೇಲೆ. ನವಲಗುಂದದ ನಮ್ಮ ಹೊಲದ ಮಳೆನೀರು ಬೆಣ್ಣೆಹಳ್ಳಕ್ಕೆ ಇಳಿದು, ಮಲಪ್ರಭೆಯನ್ನು ಸೇರಿ, ಕೃಷ್ಣೆಯೊಂದಿಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸೋಮೇಶ್ವರದ ನೀರು ಪಡುವಣಕ್ಕೆ ತಿರುಗಿ ನಾವು ಹೋಗುವ ಕಡೆಗೇ ಹೋಗುತ್ತದೆ.

ಇದು ಸರ್ಫಿಂಗಿಗೆ ಸಂಬಂಧಿಸಿದ ಮಾತೇ ಆಗಿದೆ. ಅಲೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳದ ನೀರಿಗೆ ಬಂದಾಗ ಮುರಿಯುತ್ತದೆ. ಅಂದರೆ ಅದು ಎಲ್ಲಿ ಏಳಬೇಕು, ಎಷ್ಟು ಉದ್ದಕ್ಕೆ ಹಾಯಬೇಕು ಎಂಬುದನ್ನು ತೀರ್ಮಾನಿಸುವುದು ಕೆಳಗಿನ ನೆಲ. ಬಂಡೆಯಿಲ್ಲದ ದಡದಲ್ಲಿ ಆ ನೆಲವೆಂದರೆ ಮರಳ ದಿಣ್ಣೆ, ಮತ್ತು ಅಳಿವೆಯಲ್ಲಿ ಆ ಮರಳನ್ನು ತಂದು ಹಾಕುವುದರಲ್ಲಿ ದೊಡ್ಡ ಪಾಲು ನದಿಯದು. ಶರಾವತಿಗೆ ಲಿಂಗನಮಕ್ಕಿಯಿದೆ, ಕಾಳಿಗೆ ಸೂಪಾ ಇದೆ. ಅಣೆಕಟ್ಟಿನ ಹಿಂದೆ ನೀರು ನಿಂತಂತೆ ಮರಳೂ ನಿಲ್ಲುತ್ತದೆ. ಬೇಡ್ತಿಗೂ ಜಲವಿದ್ಯುತ್ ಯೋಜನೆಯೊಂದು ಸಿದ್ಧವಾಗಿತ್ತು. ಶಿರಸಿ ಮತ್ತು ಯಲ್ಲಾಪುರದ ತೋಟಿಗರು, ಕಾಡಿನ ಜನರು, ವಿಜ್ಞಾನಿಗಳು ಒಟ್ಟಿಗೆ ನಿಂತು ಪ್ರಶ್ನಿಸಿದ್ದರಿಂದ 1980ರ ದಶಕದ ಆರಂಭದಲ್ಲಿ ಅದನ್ನು ಕೈಬಿಡಲಾಯಿತು. ಅವರಿಗೆ ಅಲೆಯ ಚಿಂತೆಯಿರಲಿಲ್ಲ, ಅಡಿಕೆ ತೋಟ ಮತ್ತು ಕಾಡಿನ ಚಿಂತೆಯಿತ್ತು. ಆದರೂ ಇಂದು ಆ ದಿಣ್ಣೆ ಪ್ರತಿ ಮಳೆಗಾಲದಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತಿರುವುದರಲ್ಲಿ ಅವರ ಪಾಲಿದೆ ಎಂದು ನಾನು ನಂಬಿದ್ದೇನೆ.

ಈಗ ಬೇಡ್ತಿಯ ನೀರನ್ನು ವರದೆಗೆ ತಿರುಗಿಸಿ ಹಾವೇರಿ, ಗದಗ ಕಡೆಯ ಒಣಭೂಮಿಗೆ ಕೊಡುವ ಯೋಜನೆಯ ಮಾತು ನಡೆದಿದೆ. ಈ ವಿಷಯದಲ್ಲಿ ನಾನು ಹಗುರವಾಗಿ ಮಾತನಾಡಲಾರೆ. ನನ್ನ ಚಿಗವ್ವನ ಮನೆ ಗದಗ ತಾಲೂಕಿನ ಒಂದು ಹಳ್ಳಿಯಲ್ಲಿದೆ. ಬೇಸಿಗೆಯಲ್ಲಿ ಅವರ ಮನೆಯ ಅಂಗಳದಲ್ಲಿ ಕೊಡಗಳು ಟ್ಯಾಂಕರಿಗಾಗಿ ಸಾಲು ನಿಂತಿರುವುದನ್ನು ನಾನು ನೋಡಿದ್ದೇನೆ, ಆ ಸಾಲಿನಲ್ಲಿ ನಿಂತಿದ್ದೇನೆ. ನೀರು ಬೇಡವೆಂದು ಅವಳ ಮುಂದೆ ನಿಂತು ಹೇಳುವ ಅಧಿಕಾರ ನನಗಿಲ್ಲ. ಆದರೆ ಈ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬರುವ 'ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು' ಎಂಬ ಮಾತನ್ನು ನಾನು ಇನ್ನು ಮುಂದೆ ಒಪ್ಪಲಾರೆ. ಅಳಿವೆಯ ಸಿಹಿ ಉಪ್ಪು ಬೆರೆತ ನೀರಿನಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುವ ಹೆಂಗಸರನ್ನು, ದಿಣ್ಣೆಯ ಆಸರೆಯಲ್ಲಿ ಬಲೆ ಬೀಸುವವರನ್ನು ಕಂಡ ಮೇಲೆ, ಅಲ್ಲಿಗೆ ತಲುಪುವ ನೀರು ತಲುಪಬೇಕಾದಲ್ಲಿಗೇ ತಲುಪುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಚಿಗವ್ವನ ಕೊಡವನ್ನೂ ಆ ಬಳಚಿನ ಬುಟ್ಟಿಯನ್ನೂ ಒಟ್ಟಿಗೆ ಎಣಿಸುವ ಲೆಕ್ಕ ಬೇಕು.

ನದಿಯ ಬಗೆಗೆ ಬರೆಯುವಾಗ ಇನ್ನೊಂದನ್ನು ಬಿಡಲಾಗದು. ನಾವು ಬದುಕಿ ಬಂದ ಎರಡು ತಿಂಗಳಿಗೆ, 2024ರ ಜುಲೈ 16ರಂದು, ಅಂಕೋಲೆಯ ಸಮೀಪ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ದಾಟಿ ಇದೇ ಗಂಗಾವಳಿಗೆ ಬಿತ್ತು. ಹೆದ್ದಾರಿಯ ಬದಿಯ ಚಹಾ ಅಂಗಡಿಯವರು, ಲಾರಿ ನಿಲ್ಲಿಸಿ ವಿಶ್ರಮಿಸಿದ್ದವರು ಮಣ್ಣಿನೊಂದಿಗೆ ಹೋದರು; ನದಿಗೆ ಬಿದ್ದ ಮಣ್ಣು ಎಬ್ಬಿಸಿದ ಅಲೆ ಎದುರು ದಂಡೆಯ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಅಲೆ ಎಂಬ ಪದವನ್ನು ಸಂತೋಷದಿಂದ ಮಾತ್ರ ಬಳಸುತ್ತಿದ್ದ ನನಗೆ ಅಂದಿನಿಂದ ಆ ಪದ ಭಾರವಾಗಿದೆ. ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಆ ಜಾಗ ಬರುತ್ತದೆ. ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವುದಿಲ್ಲವೆಂದು, ಮಳೆಯ ದಿನಗಳಲ್ಲಿ ಘಟ್ಟಕ್ಕೂ ಆ ಹೆದ್ದಾರಿಗೂ ಹೋಗುವುದೇ ಇಲ್ಲವೆಂದು ನಾವು ಮಾತಾಡಿಕೊಂಡಿದ್ದೇವೆ. ಅಕ್ಟೋಬರಿನಲ್ಲಿಯೂ ಹಿಂದಿನ ದಿನ ಜೋರು ಮಳೆಯಾದರೆ ಯಾತ್ರೆ ಮುಂದಿನ ಅಮಾವಾಸ್ಯೆಗೆ ಹೋಗುತ್ತದೆ. ನೀರಿನ ಲೆಕ್ಕ ಆಗಲೂ ಇದೇ ಆಗಿರುತ್ತದೆ.

ಕೇಳಿಕೊಂಡು ಹೋಗುವುದು

ಸಾಮಾನಿನ ಪಟ್ಟಿ ಚಿಕ್ಕದು. ಫೋಮಿನ ಎರಡು ಬೋರ್ಡುಗಳು, ಎರಡು ಹೆಚ್ಚುವರಿ ಲೀಶ್‌ಗಳು, ಬೋರ್ಡಿನ ಅಡಿಯ ರೆಕ್ಕೆಗಳನ್ನು ಬಿಗಿಯುವ ಕೀಲಿ, ಮೇಣವನ್ನು ಬಿಸಿಲಿಗೆ ಕರಗದಂತೆ ಇಡಲು ಸ್ಟೀಲಿನ ಡಬ್ಬಿ, ನಾಲ್ಕು ದಿನ ಕೆಡದ ಕಡಕ್ ರೊಟ್ಟಿ, ಗುರೆಳ್ಳ ಚಟ್ನಿ. ಪಟ್ಟಿಯ ಮೇಲ್ಭಾಗದಲ್ಲಿ ಈ ಸಲ ಬರೆದಿರುವುದು ವಸ್ತುವಲ್ಲ: ನೀರಿಗೆ ಇಳಿಯುವ ಮೊದಲು ದಡದಲ್ಲಿರುವವರನ್ನು ಕೇಳುವುದು. ಮಳೆಗಾಲ ಕಳೆದ ಮೇಲೆ ಆ ದಡಗಳಲ್ಲಿ ರಂಪಣಿ ಎಳೆಯುತ್ತಾರೆ. ಬಲೆಯನ್ನು ದೋಣಿಯಲ್ಲಿ ಅರ್ಧಚಂದ್ರದಂತೆ ಹರಡಿ ಬಂದು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಜನ ಕೂಡಿ ಎಳೆಯುವ ಆ ಹೊತ್ತಿನಲ್ಲಿ ಒಬ್ಬರು ಬೋರ್ಡು ಹಿಡಿದು ನಡುವೆ ಹೋದರೆ ಮೀನು ಚದುರುತ್ತದೆ, ಒಂದು ಬೆಳಗಿನ ದುಡಿಮೆ ಹಾಳಾಗುತ್ತದೆ. ನಾವು 'ಜನ ಬಾರದ ಜಾಗ' ಎಂದು ಕರೆಯುತ್ತಿದ್ದುದೆಲ್ಲ ನಮ್ಮಂಥ ಜನ ಬಾರದ ಜಾಗ ಮಾತ್ರ. ಅಲ್ಲಿ ಜನರು ಬೆಳಗಿನ ಜಾವದಿಂದಲೇ ಇರುತ್ತಾರೆ, ಮತ್ತು ಅದು ಅವರ ಹೊಲ. ನವಲಗುಂದದ ನಮ್ಮ ಕಡಲೆ ಹೊಲದಲ್ಲಿ ಯಾರಾದರೂ ಕೇಳದೆ ಓಡಾಡಿದರೆ ಅವ್ವ ಏನು ಮಾಡುತ್ತಾಳೆಂದು ನನಗೆ ಗೊತ್ತು.

ಅಂದು ಟವೆಲ್ ಬೀಸಿದ ಹಿರಿಯರ ಮಗನ ಮೊಬೈಲ್ ನಂಬರನ್ನು ಹೊರಡುವ ಮುನ್ನ ತಮ್ಮ ಬರೆದುಕೊಂಡಿದ್ದ. ನಿನ್ನೆ ಸಂಜೆ ಫೋನ್ ಮಾಡಿದೆವು. ಮಗ ಫೋನನ್ನು ತಂದೆಯ ಕೈಗೆ ಕೊಟ್ಟ. ಅವರಿಗೆ ನಮ್ಮ ನೆನಪಿತ್ತು. ಮಳೆ ಹೇಗಿದೆಯೆಂದು ಅವರು ಕೇಳಿದರು, ಇಲ್ಲಿ ಎರಡು ದಿನದಿಂದ ಬಿಟ್ಟಿಲ್ಲ ಎಂದೆ. ಹಾಗಾದರೆ ಹೊಳೆಗೆ ಇನ್ನೂ ಕೆಂಪು ನೀರು ಬರುತ್ತದೆ ಎಂದರು. ಶೀಗಿ ಹುಣ್ಣಿಮೆಯಾದ ಮೇಲೆ ಬೆಳಗಿನ ಜಾವ ದಿಣ್ಣೆಯ ಹತ್ತಿರ ಇಳಿಯಬಹುದೇ, ರಂಪಣಿಗೆ ಅಡ್ಡಿಯಾಗುತ್ತದೆಯೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಮಳೆಗಾಲದಲ್ಲಿ ಹೊಳೆಯ ಬಾಯಿ ತೆಂಕಕ್ಕೆ ಸರಿದಿದೆ, ಹೋದ ಸಲ ನೀವು ಕಂಡ ದಿಣ್ಣೆ ಈಗ ಅಲ್ಲಿಲ್ಲ, ಹೊಸದು ಎಲ್ಲಿ ನಿಲ್ಲುತ್ತದೆಂಬುದು ನವರಾತ್ರಿ ಕಳೆದ ಮೇಲೆ ತಿಳಿಯುತ್ತದೆ ಎಂದರು. "ಬಂದ ಮೇಲೆ ನೋಡ್ವ, ತಂಗೀ."

ಫೋನ್ ಇಟ್ಟ ಮೇಲೆ ತಮ್ಮ ರಬ್ಬರು ತಂದು ನಕ್ಷೆಯ ಮೇಲಿನ ಸುತ್ತನ್ನು ಅಳಿಸಿದ. ತಿಥಿಗಳನ್ನು ಹಾಗೆಯೇ ಬಿಟ್ಟಿದ್ದೇವೆ.